ವಾರಾಂತ್ಯದ ಪಿಎಂಪಿ ತರಬೇತಿ: ಲೆಕ್ಕಕ್ಕೆ ಸಿಕ್ಕ ಸಮಯ ಅಜೈಲ್‌ಗೆ ಸಿಗಲಿಲ್ಲ

ಪ್ರಾಜೆಕ್ಟ್ ನಿರ್ವಾಹಕರಿಗೆ ಪ್ರಮಾಣಪತ್ರ ನೀಡುವ ಪಿಎಂಪಿ ಪರೀಕ್ಷೆಗೆ ನಾನು ಅರ್ಜಿ ಹಾಕಿದಾಗ, ನಾಲ್ಕು ವರ್ಷದ ಪದವಿ ಪಡೆದವರಿಗೆ ಹಿಂದಿನ 8 ವರ್ಷಗಳೊಳಗೆ 36 ತಿಂಗಳು ಪ್ರಾಜೆಕ್ಟ್‌ಗಳನ್ನು ಮುನ್ನಡೆಸಿದ ಅನುಭವವಿರಬೇಕಿತ್ತು. ಜೊತೆಗೆ 35 ಗಂಟೆಗಳ ತರಬೇತಿಯೂ ಆಗಿರಬೇಕಿತ್ತು. ಅನುಭವ ನನ್ನಲ್ಲಿತ್ತು, ತರಬೇತಿ ಇರಲಿಲ್ಲ. ಆದ್ದರಿಂದ ಒಂದು ಸಂಸ್ಥೆಯ ಆನ್‌ಲೈನ್ ತರಗತಿಗೆ ಸೇರಿದೆ. ಶನಿವಾರ, ಭಾನುವಾರ ತಲಾ ಮೂರೂವರೆ ಗಂಟೆಯಂತೆ ಐದು ವಾರ.

ಬೋಧಕರ ಬಗ್ಗೆ ದೂರಿಲ್ಲ. ಅರ್ನ್ಡ್ ವ್ಯಾಲ್ಯೂ (ಮುಗಿದ ಕೆಲಸದ ಮೌಲ್ಯವನ್ನು ಖರ್ಚಿನೊಂದಿಗೆ ಹೋಲಿಸುವ ಲೆಕ್ಕ) ಪಾಠದ ದಿನ ಸಹಪಾಠಿಯೊಬ್ಬರು ತಮ್ಮದೇ ಪ್ರಾಜೆಕ್ಟಿನ ಲೆಕ್ಕ ಮುಂದಿಟ್ಟರು. ಅರ್ಧ ಅವಧಿ ಮುಗಿದಿದೆ, ಬಜೆಟ್ಟಿನಲ್ಲಿ ಖರ್ಚಾಗಿರುವುದೂ ಅರ್ಧವೇ, ಆದ್ದರಿಂದ ಎಲ್ಲವೂ ಸರಿಯಾಗಿದೆ ಎಂಬುದು ಅವರ ವಾದ. ಬೋಧಕರು ಕೇಳಿದ್ದು ಒಂದೇ ಪ್ರಶ್ನೆ: ‘ಕೆಲಸ ಎಷ್ಟು ಮುಗಿದಿದೆ?’ ನೂರಕ್ಕೆ ನಲವತ್ತು ಎಂಬ ಉತ್ತರ ಬಂತು. ನಲವತ್ತನ್ನು ಐವತ್ತರಿಂದ ಭಾಗಿಸಿದರೆ ಸಿಪಿಐ, ಅಂದರೆ ವೆಚ್ಚದ ದಕ್ಷತೆಯ ಸೂಚ್ಯಂಕ, 0.8; ಇದೇ ಗತಿಯಲ್ಲಿ ಸಾಗಿದರೆ ಒಟ್ಟು ವೆಚ್ಚ ಬಜೆಟ್ಟಿನ ಒಂದೂಕಾಲು ಪಟ್ಟಾಗುತ್ತದೆ. ವರ್ಷಗಟ್ಟಲೆ ಖರ್ಚಿನ ಪಟ್ಟಿಯನ್ನಷ್ಟೇ ನೋಡಿ ಸಮಾಧಾನಪಟ್ಟುಕೊಂಡಿದ್ದ ನಮ್ಮಲ್ಲಿ ಹಲವರು ಆ ಕ್ಷಣ ಮಾತಿಲ್ಲದೆ ಕುಳಿತೆವು.

ಆದರೆ ಪಠ್ಯಕ್ರಮದ ಹಂಚಿಕೆಯೇ ತಪ್ಪಿತ್ತು. ಪ್ರಾಜೆಕ್ಟ್ ನಿರ್ವಹಣೆಯ ಕೈಪಿಡಿಯಾದ ಪಿಎಂಬಾಕ್ ಮಾರ್ಗದರ್ಶಿಯ 2017ರ ಆರನೆಯ ಆವೃತ್ತಿಯ 49 ಪ್ರಕ್ರಿಯೆಗಳನ್ನು ಅವುಗಳ ಇನ್‌ಪುಟ್, ಔಟ್‌ಪುಟ್ ಸಮೇತ ಬಾಯಿಪಾಠ ಮಾಡಿಸಲು ಮೂರು ವಾರ ಹಿಡಿಯಿತು; 2021ರ ಏಳನೆಯ ಆವೃತ್ತಿ 12 ತತ್ವಗಳ ದಾರಿ ಹಿಡಿದದ್ದನ್ನು ಎರಡು ಸ್ಲೈಡ್‌ಗಳಲ್ಲಿ ಮುಗಿಸಿದರು. ನಾನು ಬರೆದ ಪರೀಕ್ಷೆಯಲ್ಲಿ 230 ನಿಮಿಷಕ್ಕೆ 180 ಪ್ರಶ್ನೆಗಳಿದ್ದು, ಸುಮಾರು ಅರ್ಧದಷ್ಟು ಅಜೈಲ್ (ಕೆಲಸವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ, ಬದಲಾವಣೆಗೆ ಹೊಂದಿಕೊಳ್ಳುತ್ತಾ ಮಾಡುವ ವಿಧಾನ) ಅಥವಾ ಅದನ್ನೂ ಹಳೆಯ ಕ್ರಮವನ್ನೂ ಬೆರೆಸಿದ ಹೈಬ್ರಿಡ್ ವಿಧಾನಕ್ಕೆ ಸೇರಿದ್ದವು. ಕೇಳುವ ರೀತಿಯೂ ಬೇರೆ: ಸ್ಪ್ರಿಂಟ್ (ಅಂಥ ಒಂದು ಸುತ್ತು) ನಡುವೆ ಗ್ರಾಹಕರು ಹೊಸ ಬೇಡಿಕೆಯಿಟ್ಟರೆ ನೀವು ಮೊದಲು ಏನು ಮಾಡುತ್ತೀರಿ ಎಂಬಂಥ ಸನ್ನಿವೇಶಗಳು, ಮೇಲ್ನೋಟಕ್ಕೆ ನಾಲ್ಕೂ ಸರಿಯೆನಿಸುವ ಉತ್ತರಗಳು. ಸಂಸ್ಥೆಯ ಮಾದರಿ ಪರೀಕ್ಷೆಗಳಾದರೋ ಯಾವ ಪ್ರಕ್ರಿಯೆಯ ನಂತರ ಯಾವುದು ಬರುತ್ತದೆ ಎಂದೇ ಕೇಳುತ್ತಿದ್ದವು. ಅವುಗಳಲ್ಲಿ ನೂರಕ್ಕೆ ತೊಂಬತ್ತು ಬಂದಿತೆಂದು ಹಿಗ್ಗಿದ ನಾನು, ಬೇರೆಡೆಯ ಸನ್ನಿವೇಶ ಪ್ರಶ್ನೆಗಳಿಗೆ ಕುಳಿತಾಗ ಐವತ್ತೈದಕ್ಕೆ ಇಳಿದೆ. ಪ್ರತಿ ತಪ್ಪು ಉತ್ತರ ಏಕೆ ತಪ್ಪು ಎಂದು ಬರೆದಿಡುತ್ತಾ ಮುಂದಿನ ಆರು ವಾರ ಸ್ವಂತವಾಗಿ ಓದಿಯೇ ತೇರ್ಗಡೆಯಾದೆ.

‘ಮೊದಲ ಯತ್ನದಲ್ಲೇ ತೇರ್ಗಡೆ, ಇಲ್ಲವಾದರೆ ಹಣ ವಾಪಸ್’ ಎಂಬ ಭರವಸೆಗೆ ಒಂದು ತರಗತಿಯೂ ತಪ್ಪಬಾರದೆಂಬ ಷರತ್ತಿತ್ತು. ಕಚೇರಿಯ ತುರ್ತು ಕೆಲಸಕ್ಕಾಗಿ ನಾನು ಒಂದು ಭಾನುವಾರ ತಪ್ಪಿಸಿಕೊಂಡೆ; ಭರವಸೆ ಅಲ್ಲಿಗೇ ಮುಗಿಯಿತು. ಉದ್ಯೋಗಸ್ಥರಿಗೆಂದೇ ರೂಪಿಸಿದ ತರಬೇತಿಯಲ್ಲಿ ಇದು ತಮಾಷೆಯೇ ಸರಿ. ಪ್ರಮಾಣಪತ್ರ ಉಳಿಸಿಕೊಳ್ಳಲು 3 ವರ್ಷಕ್ಕೊಮ್ಮೆ 60 ಪಿಡಿಯು (ಮುಂದುವರಿದ ಕಲಿಕೆಗೆ ಸಿಗುವ ಅಂಕ) ಗಳಿಸಬೇಕೆಂಬುದನ್ನೂ ಅವರು ಹೇಳಿದ್ದು ನಾನು ತೇರ್ಗಡೆಯಾದ ಮೇಲೆ, ಮತ್ತೊಂದು ಕೋರ್ಸ್ ಮಾರಲು ಕರೆ ಮಾಡಿದಾಗ.

35 ಗಂಟೆಗಳ ಷರತ್ತು ಪೂರೈಸಿಕೊಳ್ಳಲು ಮತ್ತು ಲೆಕ್ಕದ ಭಾಗವನ್ನು ಗಟ್ಟಿ ಮಾಡಿಕೊಳ್ಳಲು ಈ ತರಗತಿ ಸಾಕು. ಸೇರುವವರು ಹಣ ಕಟ್ಟುವ ಮೊದಲು, ಅಜೈಲ್‌ಗೆ ಎಷ್ಟು ಗಂಟೆ ಮೀಸಲಿಟ್ಟಿದ್ದಾರೆಂದು ಕೇಳಿಕೊಳ್ಳಲಿ. ನಮ್ಮ ತಂಡಕ್ಕೆ ಸಿಕ್ಕಿದ್ದು ಕೊನೆಯ ಭಾನುವಾರದ ಮೂರೂವರೆ ಗಂಟೆ.