ಸರ್ವರ್ ಡಿಸ್ಕ್ ತುಂಬಿದಾಗ: ಯಾವ ದಾರಿ ಬೇಗ ಜಾಗ ಕೊಟ್ಟಿತು?

ಡಿಸ್ಕ್ ತುಂಬಿದಾಗ ಮೊದಲು ಬರುವ ದೂರಿನಲ್ಲಿ ಡಿಸ್ಕ್ ಅನ್ನೋ ಮಾತೇ ಇರೋದಿಲ್ಲ. ‘ಲಾಗಿನ್ ಆಗ್ತಿಲ್ಲ’, ‘ಫೈಲ್ ಹೋಗ್ತಿಲ್ಲ’ ಅಂತ ಇರುತ್ತದೆ. ನಾನು ನೋಡಿಕೊಳ್ಳುವ ಲಿನಕ್ಸ್ ಸರ್ವರ್‌ನಲ್ಲೂ ಹಾಗೇ ಆಯಿತು. ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವ ಡಿಎಫ್ ಕಮಾಂಡ್ ಓಡಿಸಿದೆ. ರೂಟ್ ಪಾರ್ಟಿಷನ್ (ಸಿಸ್ಟಮ್ ಇರುವ ಮುಖ್ಯ ಭಾಗ) 100%, ಖಾಲಿ ಜಾಗ 0. ಡೇಟಾಬೇಸ್ ಬರೆಯುವುದನ್ನೇ ನಿಲ್ಲಿಸಿತ್ತು. ಅವತ್ತು ಮತ್ತು ಆಮೇಲೆ ಇನ್ನೆರಡು ಸಲ ಬೇರೆ ಬೇರೆ ದಾರಿಗಳನ್ನು ಪ್ರಯತ್ನಿಸಿದೆ. ಪ್ರತಿಯೊಂದಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ: ತನ್ನ ಕೆಲಸಕ್ಕೆ ಜಾಗ ಬೇಡದೆ, ಈಗಲೇ ಜಾಗ ಕೊಡುತ್ತದಾ?

ಮೊದಲು ಹುಡುಕುವ ಕೆಲಸ. ಫೋಲ್ಡರ್‌ಗಳ ಗಾತ್ರ ಎಣಿಸುವ ಡಿಯು ಕಮಾಂಡ್ ಎಲ್ಲ ಕಡೆ ಇರುತ್ತದೆ, ಏನೂ ಹಾಕಿಕೊಳ್ಳಬೇಕಿಲ್ಲ. ಎಕ್ಸ್ ಆಯ್ಕೆ ಕೊಟ್ಟರೆ ಬೇರೆ ಮೌಂಟ್‌ಗಳಿಗೆ (ಜೋಡಿಸಿಟ್ಟ ಬೇರೆ ಡಿಸ್ಕ್‌ಗಳಿಗೆ) ನುಗ್ಗದೆ ಒಂದೇ ಫೈಲ್‌ಸಿಸ್ಟಮ್ ನೋಡುತ್ತದೆ. ಇದನ್ನು ಮರೆತರೆ ಬ್ಯಾಕಪ್ ಡಿಸ್ಕನ್ನೂ ಎಣಿಸುತ್ತಾ ಕೂರುತ್ತದೆ. ತೊಂದರೆ ಏನೆಂದರೆ, ಒಂದೊಂದು ಫೋಲ್ಡರ್ ಒಳಗೆ ಇಳಿದಾಗಲೂ ಮತ್ತೆ ಓಡಿಸಬೇಕು, ಮತ್ತೆ ಕಾಯಬೇಕು.

ಎನ್‌ಸಿಡಿಯು ಕೂಡ ಇದೇ ಕೆಲಸದ ಪ್ರೋಗ್ರಾಂ, ಆದರೆ ಒಂದೇ ಸಲ ಎಣಿಸುತ್ತದೆ. ಆಮೇಲೆ ಬಾಣದ ಕೀಲಿಗಳಲ್ಲಿ ಒಳಗೆ ಹೊರಗೆ ಓಡಾಡಬಹುದು. ನನಗೆ ಇದೇ ಇಷ್ಟ. ಆದರೆ ಅವತ್ತು ಅದು ಸರ್ವರ್‌ನಲ್ಲಿ ಇರಲಿಲ್ಲ, ಹಾಕೋಣ ಅಂದರೆ ಪ್ಯಾಕೇಜ್ ಇಳಿಸಲೂ ಜಾಗ ಇಲ್ಲ! ಕೊನೆಗೆ ಅದರ ಸ್ಟ್ಯಾಟಿಕ್ ಬೈನರಿಯನ್ನು (ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡಿಸಬಹುದಾದ ಒಂದೇ ಫೈಲ್) ನನ್ನ ಲ್ಯಾಪ್‌ಟಾಪ್‌ನಿಂದ ಡೆವ್ ಕೆಳಗಿರುವ ಎಸ್‌ಎಚ್‌ಎಂ ಫೋಲ್ಡರ್‌ಗೆ ಕಳಿಸಿದೆ. ಅದು ಇರುವುದು ರ‍್ಯಾಮ್‌ನಲ್ಲಿ, ಹಾಗಾಗಿ ಡಿಸ್ಕ್ ತುಂಬಿದ್ದರೂ ಅಲ್ಲಿ ಬರೆಯಬಹುದು. ಜಿಡಿಯು ಕೂಡ ಇಂಥದ್ದೇ, ಒಟ್ಟೊಟ್ಟಿಗೆ ಹಲವು ಫೋಲ್ಡರ್ ಓದುತ್ತದೆ. ಎಸ್‌ಎಸ್‌ಡಿ ಇದ್ದ ಯಂತ್ರದಲ್ಲಿ ಕಣ್ಣಿಗೆ ಕಾಣುವಷ್ಟು ಬೇಗ ಮುಗಿಸಿತು. ಹಳೇ ತಿರುಗುವ ಡಿಸ್ಕ್‌ನಲ್ಲಿ ನನಗೇನೂ ಜಾಸ್ತಿ ವ್ಯತ್ಯಾಸ ಕಾಣಲಿಲ್ಲ.

ಹುಡುಕಿದ್ದು ಸಿಕ್ಕಿತು: ಅಪ್ಲಿಕೇಶನ್‌ನ ಒಂದೇ ಲಾಗ್ ಫೈಲ್, 18 ಜಿಬಿ. ಫೈಲ್ ಅಳಿಸುವ ಆರ್‌ಎಂ ಕಮಾಂಡ್ ಹೊಡೆದೆ. ಫೈಲ್ ಹೋಯಿತು, ಡಿಎಫ್ ಮಾತ್ರ 100% ಅಂತಲೇ ತೋರಿಸಿತು. ಎದೆ ಧಸಕ್ ಎಂದಿತು.

ಕಾರಣ ಇಷ್ಟೇ. ಆರ್‌ಎಂ ತೆಗೆಯುವುದು ಹೆಸರನ್ನು. ಯಾವುದಾದರೂ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೆ, ಅದು ಬಿಡುವವರೆಗೂ ಜಾಗ ವಾಪಸ್ ಬರೋದಿಲ್ಲ. ಡಿಯು ಹೆಸರಿರುವ ಫೈಲುಗಳನ್ನು ಮಾತ್ರ ಎಣಿಸುತ್ತದೆ, ಡಿಎಫ್ ಫೈಲ್‌ಸಿಸ್ಟಮ್‌ನಲ್ಲಿ ಬಳಕೆಯಾದ ಜಾಗವನ್ನೇ ಹೇಳುತ್ತದೆ. ಇವೆರಡರ ಲೆಕ್ಕ ತಾಳೆ ಆಗದಿದ್ದರೆ ಮೊದಲು ಅನುಮಾನಪಡಬೇಕಾದ್ದು ಇದನ್ನೇ. ತೆರೆದಿರುವ ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್‌ಗೆ ‘ಪ್ಲಸ್ ಎಲ್ 1’ ಆಯ್ಕೆ ಕೊಟ್ಟಾಗ ನನ್ನ ಫೈಲ್ ಪಕ್ಕದಲ್ಲಿ ‘ಡಿಲೀಟೆಡ್’ ಅಂತ ಕಾಣಿಸಿತು, ಹಿಡಿದುಕೊಂಡಿದ್ದ ಪ್ರೋಸೆಸ್‌ನ ನಂಬರ್ ಕೂಡ ಸಿಕ್ಕಿತು. ಸರ್ವಿಸ್ ರೀಸ್ಟಾರ್ಟ್ ಮಾಡಬಹುದಿತ್ತು, ಆದರೆ ಜನ ಬಳಸುತ್ತಿದ್ದ ಹೊತ್ತು. ಹಾಗಾಗಿ ಪ್ರೋಸೆಸ್‌ಗಳ ವಿವರ ಇರುವ ಪ್ರೋಕ್ ಒಳಗೆ, ಆ ಪ್ರೋಸೆಸ್ ತೆರೆದಿಟ್ಟ ಫೈಲುಗಳನ್ನು ತೋರಿಸುವ ಎಫ್‌ಡಿ ಫೋಲ್ಡರ್‌ಗೆ ಹೋಗಿ, ಅಲ್ಲಿಂದಲೇ ಫೈಲನ್ನು ಸೊನ್ನೆ ಗಾತ್ರಕ್ಕೆ ಇಳಿಸಿದೆ. ತಕ್ಷಣ ಜಾಗ ಬಂತು.

ಫೈಲನ್ನು ಅಳಿಸದೆ ಗಾತ್ರ ಮಾತ್ರ ಸೊನ್ನೆಗೆ ಇಳಿಸುವ ಟ್ರಂಕೇಟ್ ಕಮಾಂಡನ್ನು ಮೊದಲೇ ಬಳಸಿದ್ದರೆ ಈ ಸುತ್ತಾಟ ಬೇಕಿರಲಿಲ್ಲ. ತೆರೆದಿರುವ ಲಾಗ್‌ಗೆ ಈಗ ನನ್ನ ಆಯ್ಕೆ ಟ್ರಂಕೇಟ್, ಯಾರೂ ಮುಟ್ಟದ ಹಳೇ ಲಾಗ್‌ಗೆ ಆರ್‌ಎಂ. ಒಂದು ಎಚ್ಚರಿಕೆ: ಅಪ್ಲಿಕೇಶನ್ ಅಪೆಂಡ್ ವಿಧಾನದಲ್ಲಿ (ಯಾವಾಗಲೂ ಫೈಲಿನ ಕೊನೆಗೆ ಸೇರಿಸುತ್ತಾ) ಬರೆಯದಿದ್ದರೆ, ಟ್ರಂಕೇಟ್ ಆದಮೇಲೂ ಅದು ಹಳೇ ಜಾಗದಿಂದಲೇ ಮುಂದುವರಿಸುತ್ತದೆ. ಆಗ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್‌ನಲ್ಲಿ ಫೈಲ್ ಮತ್ತೆ ದೊಡ್ಡದಾಗಿ ಕಾಣುತ್ತದೆ. ಗಾಬರಿ ಬೇಡ, ಡಿಸ್ಕ್‌ನಲ್ಲಿ ನಿಜವಾಗಿ ಎಷ್ಟು ಹಿಡಿದಿದೆ ಅಂತ ಡಿಯು ಹೇಳುತ್ತದೆ.

ಹಳೇ ಲಾಗ್‌ಗಳನ್ನು ಜಿಜಿಪ್‌ನಿಂದ ಕುಗ್ಗಿಸಿ ಇಟ್ಟುಕೊಳ್ಳೋಣ ಅಂತಲೂ ನೋಡಿದೆ. ಅದು ಹೊಸ ಫೈಲ್ ಪೂರ್ತಿ ಬರೆದ ಮೇಲೆ ಹಳೆಯದನ್ನು ತೆಗೆಯುತ್ತದೆ. ಡಿಸ್ಕ್ ತುಂಬಿರುವಾಗ ನಡೆಯದ ಮಾತು.

ಇನ್ನು ಸುಲಭಕ್ಕೆ ಸಿಗುವ ಜಾಗಗಳು. ಪ್ಯಾಕೇಜ್ ಹಾಕುವ ಎಪಿಟಿಯ ಕ್ಲೀನ್ ಕಮಾಂಡ್, ಇಳಿಸಿಟ್ಟ ಪ್ಯಾಕೇಜ್‌ಗಳನ್ನು ತೆಗೆಯುತ್ತದೆ, ಅಪಾಯ ಇಲ್ಲ. ಆದರೆ ನನಗೆ ಸಿಕ್ಕಿದ್ದು ಕೆಲವು ನೂರು ಎಂಬಿ ಅಷ್ಟೇ. ಸಿಸ್ಟಮ್ ಲಾಗ್ (ಜರ್ನಲ್) ನೋಡಿಕೊಳ್ಳುವ ಜರ್ನಲ್‌ಸಿಟಿಎಲ್‌ನ ವ್ಯಾಕ್ಯೂಮ್ ಸೈಜ್ ಆಯ್ಕೆ ಇದಕ್ಕಿಂತ ವಾಸಿ. ಸಿಸ್ಟಮ್‌ಡಿ ಜರ್ನಲ್ ಮೊದಲಿನ ಸೆಟ್ಟಿಂಗ್‌ನಲ್ಲೇ ಫೈಲ್‌ಸಿಸ್ಟಮ್‌ನ 10% ವರೆಗೆ, ಹೆಚ್ಚೆಂದರೆ 4 ಜಿಬಿ, ಬೆಳೆಯುತ್ತದೆ. 200 ಎಂಬಿ ಸಾಕು ಅಂತ ಹೇಳಿದೆ, ಹಳೆಯದೆಲ್ಲ ಹೋಯಿತು.

ಅಪ್ಲಿಕೇಶನ್‌ಗಳನ್ನು ಕಂಟೇನರ್ ಅನ್ನೋ ಪ್ರತ್ಯೇಕ ಆವರಣಗಳಲ್ಲಿ ಓಡಿಸುವ ಡಾಕರ್‌ನಲ್ಲಿ, ಬಳಸದ್ದನ್ನು ತೆಗೆಯುವ ಸಿಸ್ಟಮ್ ಪ್ರೂನ್ ಜಾಸ್ತಿ ಜಾಗ ಕೊಡುತ್ತದೆ, ಜಾಸ್ತಿ ಭಯವೂ ಅದರದೇ. ನಿಂತಿರುವ ಕಂಟೇನರ್‌ಗಳೂ ಹೋಗುತ್ತವೆ. ಯಾರೋ ನಾಳೆ ಶುರು ಮಾಡೋಣ ಅಂತ ನಿಲ್ಲಿಸಿಟ್ಟಿರುತ್ತಾರೆ, ಅಲ್ವಾ? ಹಾಗಾಗಿ ಸಿಸ್ಟಮ್ ಪ್ರೂನ್ ಬಿಟ್ಟು, ಇಮೇಜ್ ಪ್ರೂನ್ (ಕಂಟೇನರ್‌ನ ಅಚ್ಚುಗಳಿಗೆ) ಮತ್ತು ಬಿಲ್ಡರ್ ಪ್ರೂನ್ (ಅಚ್ಚು ಕಟ್ಟುವಾಗ ಉಳಿದ ಕ್ಯಾಶ್‌ಗೆ) ಬೇರೆ ಬೇರೆ ಓಡಿಸುತ್ತೇನೆ. ವಾಲ್ಯೂಮ್ ಮುಟ್ಟುವುದಿಲ್ಲ, ಅಲ್ಲಿರುವುದು ಡೇಟಾ.

ಕೈಗೆ ಏನೂ ಸಿಗದೆ ಡೇಟಾಬೇಸ್ ಏಳಲೇಬೇಕಾದ ಮೂರನೇ ಸಲ ಫೈಲ್‌ಸಿಸ್ಟಮ್‌ನ ಸೆಟ್ಟಿಂಗ್ ಬದಲಿಸುವ ಟ್ಯೂನ್2ಎಫ್‌ಎಸ್ ಕೈ ಹಿಡಿಯಿತು. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಸಾಮಾನ್ಯವಾಗಿ 5% ಜಾಗವನ್ನು ರೂಟ್‌ಗೆ (ನಿರ್ವಾಹಕ ಬಳಕೆದಾರನಿಗೆ) ಅಂತ ಎತ್ತಿಟ್ಟಿರುತ್ತದೆ. ಅದನ್ನು 1% ಮಾಡಿದೆ. ಒಂದೂ ಫೈಲ್ ಅಳಿಸದೆ ಉಸಿರಾಡುವಷ್ಟು ಜಾಗ ಸಿಕ್ಕಿತು. ದೊಡ್ಡ ಫೈಲುಗಳನ್ನು ನಿಧಾನವಾಗಿ ಹುಡುಕಿ ಮುಗಿಸಿ, ಮತ್ತೆ 5%ಗೆ ತಂದಿಟ್ಟೆ.