ಎಕ್ಸ್‌ಎಲ್‌ಆರ್ ಕೇಬಲ್ಲಿಗೆ ಹಣ ಕೊಡಬೇಕಾದ್ದು ಯಾವಾಗ?

ನನ್ನ ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ಲಿಗೆ ಬದಲಿಸುವ ಉಪಕರಣ) ಮತ್ತು ಪವರ್ ಆಂಪ್ಲಿಫೈಯರ್ ಎರಡರಲ್ಲೂ ಆರ್‌ಸಿಎ ಹಾಗೂ ಎಕ್ಸ್‌ಎಲ್‌ಆರ್ ಸಂಪರ್ಕಗಳಿರುವುದರಿಂದ, ಬೇರೆ ಏನನ್ನೂ ಬದಲಿಸದೆ ಸಿಂಗಲ್-ಎಂಡೆಡ್ (ಆರ್‌ಸಿಎ, ಒಂದು ಸಿಗ್ನಲ್ ತಂತಿ) ಮತ್ತು ಬ್ಯಾಲೆನ್ಸ್ಡ್ (ಎಕ್ಸ್‌ಎಲ್‌ಆರ್, ಎರಡು ಸಿಗ್ನಲ್ ತಂತಿ) ಜೋಡಣೆಗಳನ್ನು ಹೋಲಿಸಿ ಕೇಳಲು ಸಾಧ್ಯವಾಯಿತು. ಬ್ಯಾಲೆನ್ಸ್ಡ್ ಸಂಪರ್ಕದಿಂದ ಸಂಗೀತ ಸುಧಾರಿಸುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ಆದರೆ ಗದ್ದಲವನ್ನು ದೂರವಿಡುವ ಕೆಲಸದಲ್ಲಿ ಅದಕ್ಕೆ ಸಾಟಿಯಿಲ್ಲ.

ಮೊದಲ ಸಲ ಕೇಳಿದಾಗ ಎಕ್ಸ್‌ಎಲ್‌ಆರ್ ಖಂಡಿತವಾಗಿ ಗೆಲ್ಲುತ್ತದೆ. ತಂಬೂರಿಯ ನಾದ ತುಂಬಿಕೊಂಡಂತೆ, ಗಾಯಕರ ದನಿ ಮುಂದೆ ಬಂದಂತೆ ಕೇಳಿಸುತ್ತದೆ. ಇದಕ್ಕೆ ಕಾರಣ ತೀರಾ ಸರಳ: ಬಹಳಷ್ಟು ಡ್ಯಾಕ್‌ಗಳಂತೆ ಇದೂ ಆರ್‌ಸಿಎಯಲ್ಲಿ 2 ವೋಲ್ಟ್, ಎಕ್ಸ್‌ಎಲ್‌ಆರ್‌ನಲ್ಲಿ 4 ವೋಲ್ಟ್ ಕೊಡುತ್ತದೆ. ಅಂದರೆ 6 ಡೆಸಿಬೆಲ್ ಹೆಚ್ಚು. ಹೆಚ್ಚು ಜೋರಾದದ್ದು ಕಿವಿಗೆ ಹೆಚ್ಚು ಚೆನ್ನಾಗಿ ಕೇಳಿಸುವುದು ಸಹಜ. ಸಾಮಾನ್ಯ ಮಲ್ಟಿಮೀಟರ್‌ಗಳು ಹೆಚ್ಚಿನ ಆವರ್ತನದಲ್ಲಿ ಸರಿಯಾಗಿ ಅಳೆಯಲಾರವಾದ್ದರಿಂದ 100 ಹರ್ಟ್ಸ್‌ನ ಟೆಸ್ಟ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ಗಳಲ್ಲಿ ವೋಲ್ಟೇಜ್ ಅಳೆದು, ಎರಡೂ ಜೋಡಣೆಗಳನ್ನು ಒಂದೇ ಮಟ್ಟಕ್ಕೆ ತಂದ ಮೇಲೆ ಆ ವ್ಯತ್ಯಾಸ ಪೂರ್ತಿ ಮಾಯವಾಯಿತು.

ನಿಜವಾದ ವ್ಯತ್ಯಾಸ ಕಂಡದ್ದು ಅರ್ಥ್ ಪಿನ್ ಇರುವ ಕಂಪ್ಯೂಟರನ್ನು ಯುಎಸ್‌ಬಿ ಮೂಲಕ ಡ್ಯಾಕ್‌ಗೆ ಸೇರಿಸಿದಾಗ. ಆರ್‌ಸಿಎ ಜೋಡಣೆಯಲ್ಲಿ ಹಾಡುಗಳ ನಡುವಿನ ಮೌನದಲ್ಲಿ ಗುಂಯ್ ಎನ್ನುವ ಸದ್ದು, ಅದರ ಮೇಲೆ ಮೌಸ್ ಸರಿದಾಗಲೆಲ್ಲ ಚಿರಿಚಿರಿ ಸದ್ದು. ಆರ್‌ಸಿಎ ಕೇಬಲ್ಲಿನಲ್ಲಿ ಹೊರಗಿನ ಶೀಲ್ಡ್ (ತಂತಿಯ ಸುತ್ತಲಿನ ಲೋಹದ ಹೊದಿಕೆ) ರಕ್ಷಣೆಯ ಜೊತೆಗೆ ಸಿಗ್ನಲ್ ಹಿಂದಿರುಗುವ ದಾರಿಯೂ ಆಗಿರುವುದರಿಂದ, ಎರಡು ಉಪಕರಣಗಳ ಅರ್ಥ್‌ಗಳ ನಡುವೆ ಹರಿಯುವ ಅಲ್ಪ ವಿದ್ಯುತ್ತು ಶೀಲ್ಡ್‌ನ ರೋಧದ ಮೇಲೆ ವೋಲ್ಟೇಜ್ ಹುಟ್ಟಿಸಿ ನೇರವಾಗಿ ಸಂಗೀತಕ್ಕೆ ಸೇರಿಬಿಡುತ್ತದೆ. ಎಕ್ಸ್‌ಎಲ್‌ಆರ್‌ಗೆ ಬದಲಿಸಿದ ಕೂಡಲೇ ಸ್ಪೀಕರಿಗೆ ಕಿವಿಯಿಟ್ಟರೂ ಆ ಸದ್ದುಗಳು ಕೇಳಿಸಲಿಲ್ಲ. ಇಲ್ಲಿ ಸಿಗ್ನಲ್ 2 ಮತ್ತು 3ನೇ ಪಿನ್‌ಗಳಲ್ಲಿ ಹೋಗುತ್ತದೆ, ಶೀಲ್ಡ್ 1ನೇ ಪಿನ್ನಿಗೆ ಪ್ರತ್ಯೇಕವಾಗಿರುತ್ತದೆ. ಆಂಪ್ಲಿಫೈಯರ್ ಆ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ತೆಗೆದುಕೊಂಡು, ಎರಡಕ್ಕೂ ಸಮನಾಗಿ ತಗುಲಿದ ಗದ್ದಲವನ್ನು ಕಳೆದುಹಾಕುತ್ತದೆ. ಒಂದು ತಂತಿಯಲ್ಲಿ ತಲೆಕೆಳಗಾದ ಸಿಗ್ನಲ್ ಇರುವುದೇ ಇದರ ಗುಟ್ಟೆಂದು ಅನೇಕರು ಬರೆಯುತ್ತಾರೆ. ಗದ್ದಲ ಅಳಿಯಲು ಅದು ಬೇಕೇ ಇಲ್ಲ. ಎರಡೂ ತಂತಿಗಳ ಇಂಪಿಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ಒಟ್ಟು ತಡೆ) ಸಮನಾಗಿರುವುದು ಮುಖ್ಯ.

ಆದ್ದರಿಂದ ಹಿಂಬದಿಯಲ್ಲಿ ಎಕ್ಸ್‌ಎಲ್‌ಆರ್ ಸಾಕೆಟ್ ಇದೆ ಎಂಬುದಷ್ಟನ್ನೇ ನಂಬಿ ಕೊಳ್ಳಬಾರದು. ಶೀಲ್ಡ್ ನೇರವಾಗಿ ಉಪಕರಣದ ಲೋಹದ ಕವಚಕ್ಕೆ ಸೇರಬೇಕೆಂದು ಆಡಿಯೊ ಎಂಜಿನಿಯರಿಂಗ್ ಸೊಸೈಟಿ 2005ರಲ್ಲಿ ತಂದ ಎಇಎಸ್48 ಮಾನದಂಡ ಹೇಳುತ್ತದೆ. ಅದನ್ನು ಒಳಗಿನ ಸರ್ಕ್ಯೂಟಿನ ಗ್ರೌಂಡ್‌ಗೆ ಜೋಡಿಸಿದ ಉಪಕರಣದಲ್ಲಿ ಎಕ್ಸ್‌ಎಲ್‌ಆರ್ ಕೇಬಲ್ ಬಳಸಿದರೂ ಗುಂಯ್‌ಗುಟ್ಟುವಿಕೆ ಉಳಿಯಬಹುದು. ಎಕ್ಸ್‌ಎಲ್‌ಆರ್ ಇಲ್ಲದ ಉಪಕರಣವಿದ್ದವರು ಆರ್‌ಸಿಎ ಸಾಲಿನಲ್ಲಿ ಒಳ್ಳೆಯ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ತಂತಿಗಳ ನೇರ ಸಂಪರ್ಕವಿಲ್ಲದೆ ಸಿಗ್ನಲ್ ದಾಟಿಸುವ ಸಾಧನ) ಹಾಕಿಕೊಳ್ಳಬಹುದು. ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವುದನ್ನು ಮಾತ್ರ ಯಾರೂ ಯಾವತ್ತೂ ಮಾಡಬಾರದು, ಏಕೆಂದರೆ ಅದು ಜೀವಕ್ಕೇ ಅಪಾಯ.

ಒಂದೇ ಸ್ಟ್ಯಾಂಡಿನಲ್ಲಿ ಒಂದು ಮೀಟರ್ ಕೇಬಲ್ಲಿನ ಅಂತರದಲ್ಲಿರುವ, ಈಗಾಗಲೇ ಸದ್ದಿಲ್ಲದೆ ಕೆಲಸ ಮಾಡುತ್ತಿರುವ ಉಪಕರಣಗಳಿಗೆ ನಾನು ಆರ್‌ಸಿಎಯನ್ನೇ ಉಳಿಸಿಕೊಳ್ಳುತ್ತೇನೆ. ಆಂಪ್ಲಿಫೈಯರ್ ಸ್ಪೀಕರಿನ ಪಕ್ಕದಲ್ಲಿದ್ದು ಕೇಬಲ್ ಕೋಣೆಯ ಉದ್ದಕ್ಕೂ ಹೋಗಬೇಕಾದಲ್ಲಿ, ಇಲ್ಲವೇ ಕಂಪ್ಯೂಟರ್ ಸೇರಿದಲ್ಲಿ ಎಕ್ಸ್‌ಎಲ್‌ಆರ್ ಆರಿಸುತ್ತೇನೆ. ಹೆಡ್‌ಫೋನಿನ 4.4 ಮಿಲಿಮೀಟರ್ ಬ್ಯಾಲೆನ್ಸ್ಡ್ ಜ್ಯಾಕ್‌ನ ಲೆಕ್ಕವೇ ಬೇರೆ, ಅಲ್ಲಿ ಸಿಗುವ ಲಾಭ ಮುಖ್ಯವಾಗಿ ಹೆಚ್ಚಿನ ವೋಲ್ಟೇಜ್.

ಟರ್ನ್‌ಟೇಬಲ್ ಇರುವವರು ಮಾತ್ರ ಬ್ಯಾಲೆನ್ಸ್ಡ್ ಫೋನೊ ಇನ್‌ಪುಟ್ (ಟರ್ನ್‌ಟೇಬಲ್ ಸೇರಿಸುವ ಸಂಪರ್ಕ) ಬಗ್ಗೆ ಗಂಭೀರವಾಗಿ ಯೋಚಿಸಬೇಕು. ಮೂವಿಂಗ್ ಕಾಯಿಲ್ ಬಗೆಯ ಕಾರ್ಟ್ರಿಜ್‌ನಿಂದ (ರೆಕಾರ್ಡಿನ ಮೇಲೆ ಸಾಗುವ ಸೂಜಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಸಾಮಾನ್ಯವಾಗಿ ಬರುವುದು ಅರ್ಧ ಮಿಲಿವೋಲ್ಟಿನ ಆಸುಪಾಸಿನ ಸಿಗ್ನಲ್, ಅದೂ ಗ್ರೌಂಡ್‌ಗೆ ಅಂಟಿಕೊಳ್ಳದ ಎರಡೆರಡು ತಂತಿಗಳಲ್ಲಿ. ಹೀಗಾಗಿ ಬಹುತೇಕ ಕಡೆ ಕೇಬಲ್ ಬದಲಿಸಿದರೆ ಸಾಕು. ಆದರೆ ಕೆಲವು ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗಳಲ್ಲಿ ಅವುಗಳ ಲೋಹದ ಕವಚವನ್ನು ಒಂದು ಚಾನೆಲ್‌ನ ಗ್ರೌಂಡ್ ಪಿನ್ನಿಗೆ ಸೇರಿಸುವ ಪುಟ್ಟ ಲೋಹದ ಪಟ್ಟಿ ಇರುತ್ತದೆ. ಕೇಬಲ್ ಬದಲಿಸುವ ಮುನ್ನ ಅದನ್ನು ತೆಗೆಯಬೇಕು.