ಸಿಗ್ನಲ್‌ನಲ್ಲಿ ಬಿಸಿ, ಹೈವೇಯಲ್ಲಿ ತಂಪು: ಹಳೆ ಹ್ಯಾಚ್‌ಬ್ಯಾಕ್ ಎಸಿಯ ಜೊತೆ ಹಲವು ಬೇಸಿಗೆ

ಕಾರಿನ ಹೆಸರು ಹೇಳುವುದಿಲ್ಲ. ಇದೇ ತೊಂದರೆಯನ್ನು ಬೇರೆ ಬೇರೆ ಕಂಪನಿಗಳ ಸಣ್ಣ ಕಾರುಗಳಲ್ಲೂ ನೋಡಿದ್ದೇನೆ. ನನ್ನದು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಗುಂಡಿ ತಿರುಗಿಸುವ ಮಾಮೂಲಿ ಎಸಿ. ಓಡುವುದು ಹೆಚ್ಚಾಗಿ ಕಲಬುರಗಿ ಊರೊಳಗೆ, ಆಗಾಗ ಜೇವರ್ಗಿ, ಸಿಂದಗಿ ಮೇಲೆ ವಿಜಯಪುರಕ್ಕೆ. ನಮ್ಮಲ್ಲಿ ಮೇ ತಿಂಗಳಲ್ಲಿ 42-43 ಡಿಗ್ರಿ ದೊಡ್ಡ ಸುದ್ದಿಯೇ ಅಲ್ಲ. ಬೆಂಗಳೂರಿನವರು ಬರೆದ "ಎಸಿ ಸೂಪರ್" ಎಂಬ ವಿಮರ್ಶೆಯನ್ನು ಇಲ್ಲಿಯವರು ನಂಬಿ ಕಾರು ಕೊಳ್ಳಬಾರದು, ಅಷ್ಟೇ.

ಹೊಸದರಲ್ಲಿ ಎಸಿ ಬಗ್ಗೆ ಒಂದು ಮಾತೂ ಆಡುವಂತಿರಲಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರು ಕೂಡ ಹತ್ತು ನಿಮಿಷದಲ್ಲಿ ತಣ್ಣಗಾಗುತ್ತಿತ್ತು. ವಾರಂಟಿ ಮುಗಿದ ಮೇಲೆ ಒಂದು ಬೇಸಿಗೆಯಲ್ಲಿ ಬೇರೆ ಥರ ಶುರುವಾಯಿತು. ಹೈವೇಯಲ್ಲಿ ತಂಪು ಗಾಳಿ. ಜಗತ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತರೆ ಒಂದೆರಡು ನಿಮಿಷಕ್ಕೆ ಬೆಚ್ಚಗಿನ ಗಾಳಿ. ಮತ್ತೆ ಹೊರಟರೆ ತಂಪು.

ಈ ಲಕ್ಷಣ ಹೇಳಿದ ಕೂಡಲೇ ಸಿಕ್ಕ ಉತ್ತರ ಒಂದೇ: "ಗ್ಯಾಸ್ ಕಮ್ಮಿ ಆಗಿದೆ, ಹಾಕಿಸಿ." ಹಾಕಿದರು. ಎರಡು ಸಾವಿರ ರೂಪಾಯಿ ಹತ್ತಿರ ಹೋಯಿತು. ಸಿಗ್ನಲ್‌ನಲ್ಲಿ ಬಿಸಿ ಗಾಳಿ ಮೊದಲಿಗಿಂತ ಜಾಸ್ತಿ ಆಯಿತು! ಮತ್ತೆ ಹೋದರೆ ಗ್ಯಾಸನ್ನು ಒತ್ತುವ ಕಂಪ್ರೆಸರ್ ಬದಲಿಸಬೇಕು ಎಂದರು. ಕಂಪ್ರೆಸರ್ ಎಂದರೆ ಐದಂಕಿ ಖರ್ಚು. ಬೇಡ ಎಂದು ಕಾರು ತೆಗೆದುಕೊಂಡು ಬಂದೆ.

ಸಮಸ್ಯೆ ಹಿಡಿದವರು ರಿಂಗ್ ರೋಡ್ ಪಕ್ಕದ ಸಣ್ಣ ಶೆಡ್‌ನ ಹಿರಿಯ ಮೆಕ್ಯಾನಿಕ್, ಎಲ್ಲರೂ ಚಾಚಾ ಎನ್ನುವವರು. ಮೊದಲು ಗ್ಯಾಸಿನ ಒತ್ತಡ ತೋರಿಸುವ ಗೇಜ್ ಹಾಕಿದರು. ಎರಡು ಮುಳ್ಳು, ಒಂದು ಕಂಪ್ರೆಸರ್‌ಗೆ ಬರುವ ಕಡಿಮೆ ಒತ್ತಡದ ಲೋ ಸೈಡ್, ಇನ್ನೊಂದು ಅದರಿಂದ ಹೊರಡುವ ಹೆಚ್ಚು ಒತ್ತಡದ ಹೈ ಸೈಡ್. ಎಂಜಿನ್ ನಿಂತಲ್ಲೇ ಓಡುತ್ತಿದ್ದಾಗ ಹೈ ಸೈಡ್ 300 ಪಿಎಸ್‌ಐ ದಾಟಿತ್ತು, ಲೋ ಸೈಡ್ ಕೂಡ 60ರ ಆಸುಪಾಸು. ಗ್ಯಾಸ್ ಕಡಿಮೆ ಇದ್ದರೆ ಎರಡೂ ಕೆಳಗಿರಬೇಕಿತ್ತು ಅಲ್ವಾ? ಆಮೇಲೆ ಒಂದು ಮಗ್ ನೀರು ತೆಗೆದು ಮುಂದಿನ ಗ್ರಿಲ್ ಮೂಲಕ, ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಮೇಲೆ ಸುರಿದರು. ಮುಳ್ಳು ಸರ್ರನೆ ಇಳಿಯಿತು. ಒಳಗೆ ಕೂತಿದ್ದ ನನ್ನ ಮುಖಕ್ಕೆ ತಣ್ಣನೆ ಗಾಳಿ ಬಂತು.

"ಗ್ಯಾಸ್ ಕಮ್ಮಿ ಇಲ್ರಿ ಸರ, ಜಾಸ್ತಿ ಆಗ್ಯದ. ಫ್ಯಾನ್ ನೋಡ್ರಿ, ತಿರಗವಲ್ದು" ಎಂದರು.

ಎಸಿ ಚಳಿಯನ್ನು ತಯಾರಿಸುವುದಿಲ್ಲ. ಕಾರಿನ ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ. ಹಾಕುವ ಜಾಗವೇ ರೇಡಿಯೇಟರ್ ಮುಂದಿರುವ ಕಂಡೆನ್ಸರ್. ಹೊರಗೆ 43 ಡಿಗ್ರಿ ಇದ್ದರೆ ಕಂಡೆನ್ಸರ್ ಒಳಗಿನ ಗ್ಯಾಸ್ ಅದಕ್ಕಿಂತ ಬಿಸಿ ಇರಲೇಬೇಕು. ಇಲ್ಲದಿದ್ದರೆ ಬಿಸಿ ಹೊರಗೆ ಹೋಗುವುದಾದರೂ ಹೇಗೆ? ನನ್ನ ಕಾರಿನಲ್ಲಿರುವ ಆರ್134ಎ ಗ್ಯಾಸ್ 60 ಡಿಗ್ರಿಯಲ್ಲಿ ದ್ರವವಾಗಲು ಸುಮಾರು 230 ಪಿಎಸ್‌ಐ ಒತ್ತಡ ಬೇಕು. ಹೈವೇಯಲ್ಲಿ ಓಡುವಾಗ ಎದುರು ಗಾಳಿಯೇ ಕಂಡೆನ್ಸರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದ್ದು. ಫ್ಯಾನ್ ಇಲ್ಲದಿದ್ದರೆ ಬಿಸಿ ಅಲ್ಲೇ ಉಳಿಯುತ್ತದೆ, ಒತ್ತಡ ಏರುತ್ತದೆ, ತೀರಾ ಏರಿದರೆ ಪ್ರೆಶರ್ ಸ್ವಿಚ್ ಕಂಪ್ರೆಸರನ್ನೇ ನಿಲ್ಲಿಸುತ್ತದೆ. ಅದರ ಮೇಲೆ ಇನ್ನಷ್ಟು ಗ್ಯಾಸ್ ತುಂಬಿದರೆ ತುಂಬಿದ ಬಸ್ಸಿಗೆ ಮತ್ತೆ ಹತ್ತು ಜನ ಹತ್ತಿಸಿದ ಹಾಗೆ.

ನನ್ನ ಕಾರಿನ ಫ್ಯಾನಿಗೆ ಎರಡು ವೇಗ. ಎಸಿ ಹಾಕಿದರೆ ನಿಧಾನ ವೇಗ, ಎಂಜಿನ್ ತುಂಬಾ ಕಾದರೆ ಜೋರು ವೇಗ. ನಿಧಾನ ವೇಗ ಕೊಡುವ ರೆಸಿಸ್ಟರ್ ಸುಟ್ಟಿತ್ತು. ಜೋರು ವೇಗ ಸರಿ ಇದ್ದುದರಿಂದ ಟೆಂಪರೇಚರ್ ಮುಳ್ಳು ಎಂದೂ ಮೇಲೇರಲಿಲ್ಲ. ಹಾಗಾಗಿ ಫ್ಯಾನ್ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ರೆಸಿಸ್ಟರ್ ಬೆಲೆ ಕೆಲವೇ ನೂರು. ಹೆಚ್ಚಾಗಿದ್ದ ಗ್ಯಾಸನ್ನು ಮೆಷಿನ್‌ನಿಂದ ಎಳೆದು, ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಬರೆದಷ್ಟು ಗ್ರಾಂ ಮಾತ್ರ ತೂಕ ಹಾಕಿ ತುಂಬಿದರು. ಆ ಸ್ಟಿಕರ್ ನೋಡದೆ ಅಂದಾಜಿನಲ್ಲಿ ಗ್ಯಾಸ್ ಬಿಡುವ ಕಡೆ ನಾನಂತೂ ಕಾರು ಕೊಡುವುದಿಲ್ಲ.

ಗ್ಯಾಸ್ ನಿಜವಾಗಿಯೂ ಕಡಿಮೆಯಾದದ್ದು ಆಮೇಲೊಂದು ಬೇಸಿಗೆಯಲ್ಲಿ. ಅದರ ಲಕ್ಷಣ ಬೇರೆ. ಹೈವೇಯಲ್ಲೂ ತಂಪಿಲ್ಲ, ಕಂಪ್ರೆಸರ್ ಕ್ಲಚ್ ಟಕ್ ಎಂದು ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತುವಲ್ಲ. ರಬ್ಬರ್ ಹೋಸ್‌ಗಳಿಂದ ವರ್ಷಗಟ್ಟಲೆ ಚೂರುಚೂರು ಸೋರಬಹುದು, ಅಷ್ಟೇ. ಒಂದೇ ಬೇಸಿಗೆಯಲ್ಲಿ ಖಾಲಿಯಾದರೆ ಎಲ್ಲೋ ತೂತಿದೆ ಎಂದೇ ಅರ್ಥ. ಚಾಚಾ ಒಳಗೆ ನೈಟ್ರೋಜನ್ ತುಂಬಿ, ಹೊರಗೆ ಸೋಪಿನ ನೀರು ಹಚ್ಚಿದರು. ಕಂಡೆನ್ಸರ್‌ನ ಕೆಳಮೂಲೆಯಲ್ಲಿ ಗುಳ್ಳೆ ಎದ್ದಿತು. ಕಲ್ಲು ಸಿಡಿದ ಗುರುತು. ಅಲ್ಲಿ ಮೊದಲೇ ಎಣ್ಣೆಗೆ ಧೂಳು ಅಂಟಿ ಕಪ್ಪಾಗಿತ್ತು, ಏಕೆಂದರೆ ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಗೆ ಬರುತ್ತದೆ. ಹೊಸ ಕಂಡೆನ್ಸರ್, ತೇವ ಹೀರುವ ಹೊಸ ಡ್ರೈಯರ್, ಜಾಯಿಂಟ್‌ಗಳಿಗೆ ಹೊಸ ಓ ರಿಂಗ್‌ಗಳು. ನಂತರ ಅರ್ಧ ಗಂಟೆಗೂ ಹೆಚ್ಚು ವ್ಯಾಕ್ಯೂಮ್, ಅಂದರೆ ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆಯುವುದು. ಒಳಗೆ ತೇವ ಉಳಿಯಬಾರದಲ್ಲ. ಈ ವ್ಯಾಕ್ಯೂಮ್ ಹೊತ್ತಿನಲ್ಲೇ ಹಲವರು ಕಳ್ಳಾಟ ಆಡುವುದು. ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಾ ಕಾಯಿರಿ.

ನಾದಿನಿಯ ಕಾರಿನದ್ದು ಮೂರನೇ ಥರ. ಹೊರಟಾಗ ತಂಪು, ದೂರ ಹೋದಂತೆ ಗಾಳಿಯೇ ಕಡಿಮೆ, ಎಸಿ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿತ್ತು. ಕಾಯಿಲ್ ಎಷ್ಟು ತಣ್ಣಗಾಗಿದೆ ಎಂದು ನೋಡುವ ಸೆನ್ಸರ್ ಬದಲಿಸಿದರು, ಕ್ಯಾಬಿನ್ ಫಿಲ್ಟರ್ ಕೂಡ. ಫಿಲ್ಟರ್ ತುಂಬ ತೊಗರಿ ಹೊಟ್ಟು!

ಈಗ ನನ್ನ ಎಸಿ ಹೇಗಿದೆ? ಹೈವೇಯಲ್ಲಿ ವೆಂಟ್‌ಗೆ ಥರ್ಮಾಮೀಟರ್ ಇಟ್ಟರೆ 8-9 ಡಿಗ್ರಿ. ಮೇ ಮಧ್ಯಾಹ್ನ ಸಿಗ್ನಲ್‌ನಲ್ಲಿ 14ರವರೆಗೆ ಏರುತ್ತದೆ. ಹಿಂದಿನ ಸೀಟಿಗೆ ವೆಂಟ್ ಇಲ್ಲ, ಅಲ್ಲಿ ಕೂತವರ ಗೊಣಗಾಟ ನಿಂತಿಲ್ಲ. ಕಂಪ್ರೆಸರ್ ಮಾತ್ರ ಕಾರಿನ ಜೊತೆ ಬಂದದ್ದೇ, ಬದಲಿಸಬೇಕು ಎಂದವರ ಮಾತಿನ ಮೇಲೂ ಗಟ್ಟಿಯಾಗಿ ಓಡುತ್ತಿದೆ. ಕಂಪ್ರೆಸರ್‌ಗೆ ಪೂರ್ತಿ ಅಂಕ ಕೊಡುತ್ತೇನೆ. ಕಂಡೆನ್ಸರ್ ಮುಂದೆ ಕಲ್ಲು ತಡೆಯಲು ಒಂದು ಜಾಲರಿಯನ್ನೂ ಕೊಡದ ವಿನ್ಯಾಸಕ್ಕೆ ಕೊಡುವುದಿಲ್ಲ.

ಇಂಥ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೆಳಿಗ್ಗೆ ಹೋಗಿ ನೋಡಬೇಡಿ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ಎಸಿ ಹಾಕಿ, ಬಾನೆಟ್ ಎತ್ತಿ, ಕಾರು ನಿಂತಲ್ಲೇ ಇಪ್ಪತ್ತು ನಿಮಿಷ ಓಡಲಿ. ಮುಂದಿನ ಫ್ಯಾನ್ ತಿರುಗುತ್ತದಾ, ಗಾಳಿ ತಂಪಾಗೇ ಇರುತ್ತದಾ ನೋಡಿ. ಮಾಲೀಕರು "ಗ್ಯಾಸ್ ಹಾಕಿಸಿದರೆ ಸರಿ ಹೋಗುತ್ತೆ" ಎಂದರೆ, ಹಾಕಿಸಿ ಸರಿ ಮಾಡಿಯೇ ಮಾರಲು ಹೇಳಿ.